ಬಿಂದು ಸರಿಸೋದಾ, ಚೌಕ ಎಣಿಸೋದಾ? ದಶಮಾಂಶ ಭಾಗಾಕಾರಕ್ಕೆ ನಾಲ್ಕು ದಾರಿ

7.2 ÷ 0.12. ಬೋರ್ಡಿನ ಮೇಲೆ ಇಷ್ಟು ಬರೆದು ಸುಮ್ನೆ ನಿಂತರೆ ಸಾಕು, ನಾಲ್ಕೈದು ನೋಟ್‌ಬುಕ್‌ಗಳಲ್ಲಿ ಉತ್ತರ 6 ಅಂತ ಬಂದಿರುತ್ತದೆ. ಸರಿಯಾದ ಉತ್ತರ 60. ಈ 6 ಎಲ್ಲಿಂದ ಬಂತು? 7.2ರಲ್ಲಿ ಬಿಂದುವನ್ನು ಒಂದು ಸ್ಥಾನ ಸರಿಸಿ 72 ಮಾಡಿದ್ದಾರೆ. 0.12ರಲ್ಲಿ ಎರಡು ಸ್ಥಾನ ಸರಿಸಿ 12 ಮಾಡಿದ್ದಾರೆ. ಎರಡೂ ಕಡೆ ಬಿಂದು ಹೋಯಿತಲ್ಲ, ಇನ್ನೇನು ಬೇಕು ಅನ್ನೋದು ಅವರ ಲೆಕ್ಕ.

ಆರು, ಏಳನೇ ತರಗತಿಯ ಮಕ್ಕಳಿಗೆ ಇದನ್ನು ಕಲಿಸಲು ನಾನು ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಮೊದಲನೆಯದು ನಾನೇ ಕಲಿತ ದಾರಿ: ಭಾಜಕ (ಭಾಗಿಸುವ ಸಂಖ್ಯೆ) ಪೂರ್ಣ ಸಂಖ್ಯೆ ಆಗುವ ತನಕ ಬಿಂದು ಸರಿಸು, ಭಾಜ್ಯದಲ್ಲೂ (ಭಾಗವಾಗುವ ಸಂಖ್ಯೆಯಲ್ಲೂ) ಅಷ್ಟೇ ಸ್ಥಾನ ಸರಿಸು, ಆಮೇಲೆ ಭಾಗಿಸು. ಇದರಷ್ಟು ಬೇಗ ಮುಗಿಯುವ ಪಾಠ ಇನ್ನೊಂದಿಲ್ಲ. ಅದೇ ದಿನ ಕೊಟ್ಟ ಹತ್ತು ಲೆಕ್ಕವನ್ನೂ ಹೆಚ್ಚಿನವರು ಸರಿಯಾಗಿ ಮಾಡುತ್ತಾರೆ. ಎರಡು ವಾರ ಬಿಟ್ಟು ಕೇಳಿ ನೋಡಿ. ‘ಅಷ್ಟೇ ಸ್ಥಾನ’ ಅನ್ನೋ ಮಾತು ಮರೆತುಹೋಗಿರುತ್ತದೆ, ‘ಬಿಂದು ತೆಗಿ’ ಅನ್ನೋದು ಮಾತ್ರ ಉಳಿದಿರುತ್ತದೆ. ಮೇಲಿನ 6 ಹುಟ್ಟೋದು ಅಲ್ಲೇ.

ಹಾಗಾಗಿ ಭಿನ್ನರಾಶಿಯ ಕಡೆ ಹೋದೆ. 72/10 ಅನ್ನು 12/100ರಿಂದ ಭಾಗಿಸಬೇಕು. ಎರಡನೆಯದನ್ನು ತಿರುಗಿಸಿ ಗುಣಿಸಿದರೆ 72/10 × 100/12. 72ರಲ್ಲಿ 12 ಆರು ಸಲ, 100ರಲ್ಲಿ 10 ಹತ್ತು ಸಲ, ಒಟ್ಟು 60. ಆ ಕಳೆದುಹೋದ ಸೊನ್ನೆ ಎಲ್ಲಿಂದ ಬರುತ್ತದೆ ಅಂತ ಇಲ್ಲಿ ಕಣ್ಣಿಗೇ ಕಾಣುತ್ತದೆ. ನನಗಂತೂ ತುಂಬಾ ಇಷ್ಟವಾಯಿತು. ಮಕ್ಕಳಿಗೆ ಅಷ್ಟಾಗಿ ಅಲ್ಲ. ಭಿನ್ನರಾಶಿ ಅಂದರೇ ಮುಖ ಸಣ್ಣದಾಗುವವರಿಗೆ ಇದು ಒಂದು ಕಷ್ಟದ ಬದಲು ಎರಡು ಕಷ್ಟ. ಅದೂ ಅಲ್ಲದೆ, ‘ಯಾಕೆ ತಿರುಗಿಸಬೇಕು ಮಿಸ್?’ ಅಂತ ಒಬ್ಬಳು ಕೇಳಿದಾಗ ಒಂದು ನಿಯಮವನ್ನು ವಿವರಿಸಲು ಇನ್ನೊಂದು ನಿಯಮ ತಂದಿದ್ದೇನೆ ಅಂತ ನನಗೇ ಅನ್ನಿಸಿತು.

ಮೂರನೆಯದು ಚೌಕದ ಹಾಳೆ. ನೂರು ಪುಟ್ಟ ಚೌಕ ಸೇರಿ 1. 0.6 ÷ 0.15 ಅಂದರೆ 60 ಚೌಕಕ್ಕೆ ಬಣ್ಣ ಹಚ್ಚಿ, ಹದಿನೈದು ಹದಿನೈದರ ಗುಂಪು ಮಾಡು. ನಾಲ್ಕು ಗುಂಪು ಬರುತ್ತದೆ. ‘ಭಾಗಿಸಿದ್ರೆ ಚಿಕ್ಕದಾಗಬೇಕಲ್ವಾ? ಇದು ದೊಡ್ಡದಾಯ್ತಲ್ಲ!’ ಅಂತ ಒಬ್ಬ ಹಾಳೆಯನ್ನೇ ಅನುಮಾನದಿಂದ ನೋಡಿದ. ಮೊದಲೆರಡು ದಾರಿಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಭಾಗಾಕಾರ ಅಂದರೆ ಹಂಚೋದು ಅಂತಲೇ ತಿಳಿದವರಿಗೆ, ‘ಇದರಲ್ಲಿ ಅದು ಎಷ್ಟು ಸಲ ಹಿಡಿಸುತ್ತದೆ’ ಅಂತಲೂ ಕೇಳಬಹುದು ಅನ್ನೋದು ಹೊಸ ವಿಷಯ. ಮುಖ್ಯವಾದ ಲಾಭ ಇನ್ನೊಂದಿದೆ. 0.6 ÷ 0.15 ಮತ್ತು 60 ÷ 15 ಒಂದೇ ಲೆಕ್ಕ ಅಂತ ನಾನು ಹೇಳಬೇಕಾಗಲಿಲ್ಲ. ಚೌಕ ಎಣಿಸುವಾಗ ಅವರು ಮಾಡುತ್ತಿದ್ದದ್ದೇ 60 ÷ 15. ಎರಡನ್ನೂ 100ರಿಂದ ಗುಣಿಸಿದ್ದೇವೆ ಅಂತ ಆಮೇಲೆ ಹೆಸರಿಟ್ಟರೆ ಸಾಕಾಯಿತು.

ಆದರೆ ಈ ದಾರಿ ಬೇಗ ಸುಸ್ತಾಗುತ್ತದೆ. 0.36 ÷ 1.2 ಕೊಟ್ಟೆ. ಬಣ್ಣ ಹಚ್ಚಿದ್ದು 36 ಚೌಕ, ಒಂದು ಗುಂಪಿಗೆ ಬೇಕಾದದ್ದು 120. ಒಂದು ಗುಂಪೂ ಆಗಲ್ಲ ಅಂತ ಎಲ್ಲರೂ ಪೆನ್ಸಿಲ್ ಕೆಳಗಿಟ್ಟರು. 0.3 ಗುಂಪು ಅನ್ನೋದನ್ನು ಚಿತ್ರದಲ್ಲಿ ತೋರಿಸಲು ಹೋಗಿ ನಾನೇ ತಡವರಿಸಿದೆ.

ನಾಲ್ಕನೆಯದು ಅಂದಾಜು. ಬಿಂದುಗಳನ್ನು ಮರೆತು ಭಾಗಿಸು, ಬಿಂದು ಎಲ್ಲಿ ಬೀಳಬೇಕು ಅಂತ ಅಂದಾಜಿನಿಂದ ಹೇಳು. 8.64 ÷ 0.36ಕ್ಕೆ 864 ÷ 36 = 24. ಉತ್ತರ 2.4 ಆ, 24 ಆ, 240 ಆ? 0.36 ಅನ್ನೋದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಒಂದರಲ್ಲಿ ಮೂರು ಸಲಕ್ಕಿಂತ ಸ್ವಲ್ಪ ಕಡಿಮೆ ಹಿಡಿಸುತ್ತದೆ, ಎಂಟೂವರೆ ಚಿಲ್ಲರೆಯಲ್ಲಿ ಇಪ್ಪತ್ತೈದರ ಹತ್ತಿರ. ಹಾಗಾದರೆ 24. ಚುರುಕಾದವರಿಗೆ ಇದು ಆಟ. 0.064 ÷ 0.8 ಕೊಟ್ಟರೆ ಅವರೂ ಎಡವುತ್ತಾರೆ.

ಈಗ ನಾನು ಚೌಕದಿಂದಲೇ ಶುರು ಮಾಡುತ್ತೇನೆ, ಎರಡು ತರಗತಿ ಅದಕ್ಕೇ ಮೀಸಲು. ಆಮೇಲೆ ಎರಡೂ ಸಂಖ್ಯೆಯನ್ನು 10ರಿಂದಲೋ 100ರಿಂದಲೋ ಗುಣಿಸೋದು. ‘ಬಿಂದು ಸರಿಸು’ ಅನ್ನೋ ಮಾತನ್ನು ನಾನಾಗಿ ಹೇಳಲ್ಲ, ಮಕ್ಕಳೇ ಕಂಡುಕೊಂಡು ಹೇಳಿದರೆ ತಡೆಯೋದೂ ಇಲ್ಲ. ಅಂದಾಜನ್ನು ವಿಧಾನವಾಗಿ ಕಲಿಸುತ್ತಿಲ್ಲ, ಉತ್ತರ ಪರೀಕ್ಷಿಸಲು ಇಟ್ಟುಕೊಂಡಿದ್ದೇನೆ. ಭಿನ್ನರಾಶಿ ದಾರಿ ಕೇಳಿದವರಿಗೆ ಮಾತ್ರ.

ಇಷ್ಟೆಲ್ಲಾ ಆದಮೇಲೂ ಒಂದು ಲೆಕ್ಕ ಕಾಡುತ್ತದೆ. 1.7 ಮೀಟರ್ ರಿಬ್ಬನ್‌ನಲ್ಲಿ 0.5 ಮೀಟರ್‌ನ ಎಷ್ಟು ತುಂಡು, ಎಷ್ಟು ಉಳಿಯುತ್ತದೆ? 17 ÷ 5, ಮೂರು ತುಂಡು, ಶೇಷ 2. ‘2 ಮೀಟರ್ ಉಳಿಯುತ್ತೆ’ ಅಂತ ಬರೆಯುತ್ತಾರೆ. ಇದ್ದದ್ದೇ 1.7 ಮೀಟರ್! ಎರಡನ್ನೂ 10ರಿಂದ ಗುಣಿಸಿದಾಗ ಭಾಗಲಬ್ಧ ಬದಲಾಗಲ್ಲ, ಶೇಷ ಮಾತ್ರ ಹತ್ತರಷ್ಟಾಗುತ್ತದೆ. ಇದನ್ನು ಮಾತಿನಲ್ಲಿ ಹೇಳಿ ಸಾಕಾಗಿ ಕೊನೆಗೆ ರಿಬ್ಬನ್ ತಂದು ಕತ್ತರಿ ಕೈಗೆ ಕೊಟ್ಟೆ. ಮೂರು ತುಂಡು ಕತ್ತರಿಸಿದ ಹುಡುಗಿ ಉಳಿದ ಚೂರನ್ನು ಸ್ಕೇಲಿನ ಮೇಲಿಟ್ಟು 20 ಸೆಂಟಿಮೀಟರ್ ಅಂತ ಓದಿದಳು. ಆಮೇಲೆ ತನ್ನ ನೋಟ್‌ಬುಕ್ ತೆಗೆದು 2ರ ಎಡಕ್ಕೆ ಒಂದು ಸೊನ್ನೆ, ಒಂದು ಬಿಂದು ಸೇರಿಸಿದಳು.