ಗಾಳಿ ತೆಳು ಅಂತ ನೀಡಲ್ ತಿರುಗಿಸುವ ಮೊದಲು ಕ್ಲಚ್ ಬಿಚ್ಚಿ ನೋಡಿ

ಸೆಕೆಂಡ್ ಹ್ಯಾಂಡ್ ನೈಟ್ರೋ ಆರ್‌ಸಿ ಕಾರು (ಪುಟ್ಟ ಫ್ಯುಯೆಲ್ ಎಂಜಿನ್ ಇರುವ ರಿಮೋಟ್ ಕಂಟ್ರೋಲ್ ಕಾರು) ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಬಾಡಿ ಚೆನ್ನಾಗಿದೆ, ಟೈರ್ ಹೊಸದು ಅಂತ ದುಡ್ಡು ಕೊಟ್ಟುಬಿಡಬೇಡಿ.

ನಾನು ಕೊಂಡಿದ್ದು 1/8 ಸ್ಕೇಲ್ (ಎಂಟನೇ ಒಂದು ಅಳತೆಯ) ಬಗ್ಗಿ, ಅಂದರೆ ಮಣ್ಣಿನಲ್ಲಿ ಓಡಿಸುವ ಬಗೆಯ ಕಾರು, 3.5 ಸಿಸಿ ಎಂಜಿನ್. ಮಾರಿದವರು ಕರಾವಳಿ ಕಡೆಯವರು. ಕಾರನ್ನು ಸ್ಟ್ಯಾಂಡ್ ಮೇಲಿಟ್ಟು ಥ್ರಾಟಲ್ ಕೊಟ್ಟು, ಚಕ್ರ ಜೋರಾಗಿ ತಿರುಗುವ ವಿಡಿಯೋ ಕಳಿಸಿದ್ದರು. ಚಕ್ರ ಗಾಳಿಯಲ್ಲಿದ್ದರೆ ಸತ್ತ ಕ್ಲಚ್ ಕೂಡ ಚೆನ್ನಾಗಿಯೇ ತಿರುಗಿಸುತ್ತದೆ, ಲೋಡೇ ಇಲ್ಲವಲ್ಲ! ವಿಡಿಯೋ ಕೇಳುವುದಾದರೆ ಮಣ್ಣಿನ ಮೇಲೆ ನಿಂತಲ್ಲಿಂದ ಹೊರಡುವುದನ್ನು ಕೇಳಿ.

ಬೆಂಗಳೂರಿನಲ್ಲಿ ಮೈದಾನಕ್ಕೆ ಬಿಟ್ಟರೆ ಎಂಜಿನ್ ಕಿರುಚುತ್ತದೆ, ಕಾರು ಮಾತ್ರ ತೆವಳುತ್ತದೆ. ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ. ಮಾರಿದವರಿಗೆ ಫೋನ್ ಮಾಡಿದೆ. "ನಿಮ್ಮೂರು ಎತ್ತರದಲ್ಲಿದೆ ಸರ್, ಗಾಳಿ ತೆಳು, ಮಿಕ್ಸ್ಚರ್ ರಿಚ್ ಆಗಿರುತ್ತೆ. ನೀಡಲ್ ಸ್ವಲ್ಪ ಟೈಟ್ ಮಾಡಿಸಿ, ಸರಿಹೋಗುತ್ತೆ" ಅಂದರು. ರಿಚ್ ಅಂದರೆ ಗಾಳಿಗೆ ಹೋಲಿಸಿದರೆ ಫ್ಯುಯೆಲ್ ಜಾಸ್ತಿ; ನೀಡಲ್ ಅಂದರೆ ಫ್ಯುಯೆಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಸ್ಕ್ರೂ, ಟೈಟ್ ಮಾಡಿದರೆ ಫ್ಯುಯೆಲ್ ಕಮ್ಮಿ. ಕೇಳೋಕೆ ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ? ಅದರಲ್ಲಿ ಅರ್ಧ ನಿಜವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಕೆಳಗೆ ಟ್ಯೂನ್ ಮಾಡಿದ ಎಂಜಿನ್ ಇಲ್ಲಿ ಕೊಂಚ ರಿಚ್ ಆಗಿಯೇ ಓಡುತ್ತದೆ. ಆದರೆ ರಿಚ್ ಆದ ಎಂಜಿನ್ ಗೊರಗೊರ ಅನ್ನುತ್ತದೆ, ಹೊಗೆ ಜಾಸ್ತಿ ಬಿಡುತ್ತದೆ, ಆರ್‌ಪಿಎಂ ಏರಿಸೋಕೇ ಒದ್ದಾಡುತ್ತದೆ. ಆರ್‌ಪಿಎಂ ಸಲೀಸಾಗಿ ಏರಿಯೂ ಕಾರು ಹೋಗುತ್ತಿಲ್ಲ ಅಂದರೆ ತೊಂದರೆ ಇರುವುದು ಎಂಜಿನ್ನಿಗೂ ಚಕ್ರಕ್ಕೂ ನಡುವೆ.

ಇಲ್ಲಿನ ಒಂದು ಹಾಬಿ ಅಂಗಡಿಗೆ ಒಯ್ದೆ. ಅವರದೂ ಅದೇ ರಾಗ. ಕ್ಲಚ್ಚಿನ ಬೆಲ್ (ಎಂಜಿನ್ ಜೋರಾದಾಗ ಶೂ ಅನ್ನುವ ತುಂಡುಗಳು ಹೊರಕ್ಕೆ ಸರಿದು ಒಳಗಿನಿಂದ ಹಿಡಿದು ತಿರುಗಿಸುವ, ಹಲ್ಲಿರುವ ಬಟ್ಟಲು) ಬಿಚ್ಚಿ ನೋಡಿ ಅಂತ ಹೇಳಿದರೂ ಕೇಳದೆ, "ಬರೀ ಟ್ಯೂನಿಂಗ್ ಪ್ರಾಬ್ಲಂ ಸರ್" ಅಂತ ಹೈ ಸ್ಪೀಡ್ ನೀಡಲ್ ತಿರುಗಿಸಿಯೇಬಿಟ್ಟರು. ನೈಟ್ರೋ ಎಂಜಿನ್ನಿಗೆ ಬೇರೆ ಆಯಿಲ್ ಹಾಕುವುದಿಲ್ಲ. ಮೆಥನಾಲ್, ನೈಟ್ರೋಮೀಥೇನ್ ಜೊತೆ ಆಯಿಲೂ ಫ್ಯುಯೆಲ್‌ನಲ್ಲೇ ಇರುತ್ತದೆ. ಫ್ಯುಯೆಲ್ ಕಮ್ಮಿ ಮಾಡಿದರೆ ಆಯಿಲೂ ಕಮ್ಮಿ. ಅದರ ಮೇಲೆ ಕ್ಲಚ್ ಜಾರುತ್ತಿದ್ದರೆ ಎಂಜಿನ್ ಫುಲ್ ಆರ್‌ಪಿಎಂನಲ್ಲಿ ಕೂಗುತ್ತಿರುತ್ತದೆ, ಕಾರು ನಿಧಾನವಾದ್ದರಿಂದ ಎಂಜಿನ್ನಿನ ತಲೆಭಾಗಕ್ಕೆ, ಅಂದರೆ ಹೆಡ್ಡಿಗೆ, ಗಾಳಿಯೂ ಸಿಗುವುದಿಲ್ಲ. ಹೊಗೆ ನಿಂತೇಹೋಯಿತು. 100ರಿಂದ 120 ಡಿಗ್ರಿ ಆಸುಪಾಸಿನಲ್ಲಿ ಇರಬೇಕಾದ ಹೆಡ್ 140 ದಾಟಿತು. ನಿಲ್ಲಿಸಿ ಅನ್ನುವಷ್ಟರಲ್ಲಿ ಎಂಜಿನ್ ಆಫ್. ಆರಿದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ಕೆಳಗಿಟ್ಟರೆ, ಥ್ರಾಟಲ್ ಕೊಡದಿದ್ದರೂ ಐಡಲ್‌ನಲ್ಲೇ ಕಾರು ತಾನಾಗಿ ಹೊರಟಿತು, ಬ್ರೇಕ್ ಹಿಡಿದರೆ ಎಂಜಿನ್ ನಿಂತುಹೋಗುತ್ತಿತ್ತು. ಬೆಲ್ ಬೇರಿಂಗ್ ಜಾಮ್ ಆಗಿ ಬೆಲ್ಲು ಕ್ರ್ಯಾಂಕ್ ಶಾಫ್ಟ್ ಜೊತೆಗೇ ತಿರುಗುತ್ತಿತ್ತು.

ಮನೆಗೆ ತಂದು ನಾನೇ ಬಿಚ್ಚಿದೆ. ಬೆಲ್ಲಿನ ಒಳಗೋಡೆ ನೀಲಿ. ಸ್ಟೀಲ್ ಹಾಗೆ ನೀಲಿ ತಿರುಗಬೇಕಾದರೆ 300 ಡಿಗ್ರಿ ಸುತ್ತಮುತ್ತ ಕಾದಿರಬೇಕು. ಶೂಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಹಿಡಿತವೇ ಇಲ್ಲ. ಫ್ಲೈವೀಲ್ (ಎಂಜಿನ್ ಶಾಫ್ಟಿನ ಮೇಲಿರುವ ಭಾರದ ಚಕ್ರ) ಹಿಂದೆ ಎಲ್ಲ ಜಿಡ್ಡು, ಅಂದರೆ ಎಂಜಿನ್ನಿನ ಮುಂದಿನ ಬೇರಿಂಗಿನಿಂದ ಆಯಿಲ್ ಸೋರಿ ಶೂಗಳಿಗೆ ಬೀಳುತ್ತಿತ್ತು. ಅದೂ ಸಾಲದು ಅಂತ ಟಾಪ್ ಸ್ಪೀಡ್ ಆಸೆಗೆ 15 ಹಲ್ಲಿನ ಬೆಲ್ ಹಾಕಿದ್ದರು. ಇಂಥ ಬಗ್ಗಿಗಳಿಗೆ ಸಾಮಾನ್ಯವಾಗಿ 13 ಹಲ್ಲಿನದು ಇರುತ್ತದೆ. ಹಲ್ಲು ಜಾಸ್ತಿ ಆದಷ್ಟೂ ಹೊರಡುವಾಗ ಕ್ಲಚ್ ಮೇಲೆ ಭಾರ ಜಾಸ್ತಿ, ಜಾರುವುದೂ ಜಾಸ್ತಿ.

ಒಮ್ಮೆ ಬಿಸಿ ಏರಲು ಶುರುವಾದರೆ ಅದು ತಾನಾಗಿ ನಿಲ್ಲುವುದಿಲ್ಲ. ಶೂಗಳನ್ನು ಒಳಕ್ಕೆ ಎಳೆದು ಹಿಡಿಯುವ ಸಣ್ಣ ಸ್ಪ್ರಿಂಗ್‌ಗಳು ಕಾದು ಕಾದು ಬಿಗಿ ಕಳೆದುಕೊಳ್ಳುತ್ತವೆ. ಆಮೇಲೆ ಐಡಲ್‌ನಲ್ಲೂ ಶೂ ಬೆಲ್ಲಿಗೆ ಉಜ್ಜುತ್ತದೆ, ಇನ್ನಷ್ಟು ಬಿಸಿ. ಬೇರಿಂಗಿನ ಗ್ರೀಸ್ ಕರಗಿ ಹೋಗುತ್ತದೆ. ಅಷ್ಟಾದ ಮೇಲೆ ಹೊಸ ಶೂ ಮಾತ್ರ ಹಾಕಿ ಕೊಡುವವರೂ ಇದ್ದಾರೆ, ಒಪ್ಪಬೇಡಿ. ಶೂ, ಸ್ಪ್ರಿಂಗ್, ಬೇರಿಂಗ್, ಬೆಲ್ ಎಲ್ಲ ಒಟ್ಟಿಗೇ ಬದಲಾಗಬೇಕು, ಸೋರುವ ಬೇರಿಂಗನ್ನೂ ಬಿಡಬಾರದು. ಇಲ್ಲದಿದ್ದರೆ ಹೊಸ ಶೂ ಕೂಡ ಮೊದಲ ದಿನವೇ ಜಿಡ್ಡಾಗುತ್ತದೆ.

ಕೊಳ್ಳುವಾಗ ಎಂಜಿನ್ ತಣ್ಣಗಿರುವಾಗಲೇ ಫ್ಲೈವೀಲ್ ಹಿಡಿದು ಬೆಲ್ಲನ್ನು ಬೆರಳಲ್ಲಿ ತಿರುಗಿಸಿ. ಹಗುರಾಗಿ, ಸದ್ದಿಲ್ಲದೆ ತಿರುಗಬೇಕು. ಹಿಂದೆ ಮುಂದೆ ಕೂದಲೆಳೆಯಷ್ಟು ಆಟ ಇರಬೇಕು, ಆಟವೇ ಇಲ್ಲ ಅಂದರೆ ಶಿಮ್ (ತೆಳು ವಾಷರ್) ಜಾಸ್ತಿ ಹಾಕಿದ್ದಾರೆ, ಅದೂ ಬಿಸಿಗೆ ದಾರಿ. ಓಡಿಸಿದ ಕೂಡಲೇ ಮಾತ್ರ ಬೆಲ್ ಮುಟ್ಟಬೇಡಿ, ಅದರ ಮೇಲೆ ಫ್ಯುಯೆಲ್ ಚೆಲ್ಲದ ಹಾಗೂ ನೋಡಿಕೊಳ್ಳಿ. ಮೆಥನಾಲ್ ಹೊತ್ತಿಕೊಂಡರೆ ಬಿಸಿಲಲ್ಲಿ ಉರಿ ಕಣ್ಣಿಗೆ ಕಾಣುವುದೇ ಕಷ್ಟ.

ನನ್ನ ಎಂಜಿನ್ನಿನ ಕಂಪ್ರೆಷನ್ ಹೋಗಿದೆ, ಪಿಸ್ಟನ್ ಮತ್ತು ಅದು ಓಡಾಡುವ ಕೊಳವೆ, ಅಂದರೆ ಸ್ಲೀವ್, ಎರಡೂ ಬದಲಾಗಬೇಕು. ಅಂಗಡಿಯವರು ಲೇಬರ್ ದುಡ್ಡು ಕೂಡ ವಾಪಸ್ ಕೊಡಲಿಲ್ಲ. ಮಾರಿದವರು ಈಗ ಇನ್ನೊಂದು ಬಗ್ಗಿ ಮಾರಾಟಕ್ಕೆ ಇಟ್ಟಿದ್ದಾರೆ, ಅದೇ ಸ್ಟ್ಯಾಂಡು, ಅದೇ ರೀತಿಯ ವಿಡಿಯೋ. ಬೆಲ್ಲಿನ ಒಳಗಿನ ಫೋಟೋ ಕೇಳಿ ನೋಡಿ. ಕಳಿಸಲ್ಲ ಅಂದರೆ ಬೇರೆ ಕಾರು ಹುಡುಕಿ.