ಗೂಗಲ್ ಒನ್: ಜಾಗಕ್ಕೆ ದುಡ್ಡು ಕೊಡಬಹುದು, ಸವಲತ್ತಿಗಲ್ಲ

ಧಾರವಾಡದ ನಮ್ಮ ಮನೆಯಲ್ಲಿ, ಗೂಗಲ್ ಖಾತೆಗೆ ಹಣ ಪಡೆದು ಹೆಚ್ಚಿನ ಜಾಗ ಕೊಡುವ ಗೂಗಲ್ ಒನ್ ಸೇವೆಯ 100 ಜಿಬಿ ಯೋಜನೆಗೆ ವಾರ್ಷಿಕ ಚಂದಾ ಕಟ್ಟುತ್ತೇವೆ. ನಾನೊಬ್ಬನೇ ಕಟ್ಟುವ ಈ ಚಂದಾದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿರುವ ಮನೆಮಂದಿಯೆಲ್ಲ ಪಾಲುದಾರರು. ಬಳಸಿ ನೋಡಿದ ಮೇಲೆ ನನ್ನ ಅಭಿಪ್ರಾಯವಿಷ್ಟು: ಕೊಟ್ಟ ಹಣಕ್ಕೆ ಸಿಗುವ ಜಾಗ ಮೋಸವಿಲ್ಲದ್ದು, ಆದರೆ ಆ ಜಾಗದ ಪಕ್ಕದಲ್ಲಿ ಬಣ್ಣಬಣ್ಣದ ಚಿತ್ರಗಳೊಡನೆ ತೋರಿಸುವ ‘ಸದಸ್ಯರ ಸವಲತ್ತು’ಗಳನ್ನು ನಂಬಿಕೊಂಡು ದೊಡ್ಡ ಯೋಜನೆಗೆ ಹೋಗುವುದರಲ್ಲಿ ಅರ್ಥವಿಲ್ಲ.

ಗೂಗಲ್ ಖಾತೆಯಿರುವ ಪ್ರತಿಯೊಬ್ಬರಿಗೂ 15 ಜಿಬಿ ಜಾಗ ಉಚಿತವಾಗಿ ಸಿಗುತ್ತದೆ. ಜಿಮೇಲ್, ಡ್ರೈವ್ ಮತ್ತು ಫೋಟೋಸ್ ಮೂರೂ ಇದೇ 15 ಜಿಬಿಯೊಳಗೆ ಬದುಕಬೇಕು. ಹಿಂದೆ ಇಷ್ಟು ಬೇಗ ತುಂಬದೇ ಇದ್ದುದು ಈಗ ತುಂಬಲು ಎರಡು ಕಾರಣಗಳಿವೆ. 2021ರ ಜೂನ್ 1ರ ಮೊದಲು ಗೂಗಲ್ ಫೋಟೋಸ್‌ನಲ್ಲಿ ‘ಹೈ ಕ್ವಾಲಿಟಿ’ ಆಯ್ಕೆಯಲ್ಲಿ ಏರಿಸಿದ ಚಿತ್ರಗಳಿಗೆ ಲೆಕ್ಕವೇ ಇರಲಿಲ್ಲ. ಅಂದಿನಿಂದ ಏರಿಸುವ ಪ್ರತಿಯೊಂದು ಚಿತ್ರವೂ ಲೆಕ್ಕಕ್ಕೆ ಸೇರುತ್ತದೆ. ಎರಡನೆಯದಾಗಿ, ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಬ್ಯಾಕಪ್‌ಗೆ ಇದ್ದ ವಿನಾಯಿತಿಯನ್ನು 2023ರ ಡಿಸೆಂಬರಿನಿಂದ ಹಂತಹಂತವಾಗಿ ತೆಗೆದುಹಾಕಿ, 2024ರಲ್ಲಿ ಎಲ್ಲರ ಬ್ಯಾಕಪ್ಪನ್ನೂ ಇದೇ 15 ಜಿಬಿಗೆ ಸೇರಿಸಲಾಯಿತು. ಮುಂಜಾನೆಯ ಶುಭೋದಯದ ಚಿತ್ರಗಳು, ಮದುವೆ–ಸೀಮಂತದ ವಿಡಿಯೋಗಳು, ಸಪ್ತಾಪುರದ ಕೋಚಿಂಗ್ ಹುಡುಗರ ಗುಂಪುಗಳಲ್ಲಿ ಹಗಲಿರುಳು ಹರಿದಾಡುವ ನೋಟ್ಸ್ ಪಿಡಿಎಫ್‌ಗಳು, ಇವೆಲ್ಲ ಯಾರ ಗಮನಕ್ಕೂ ಬಾರದೆ ಬ್ಯಾಕಪ್ಪಿನಲ್ಲಿ ಕೂಡಿಕೊಳ್ಳುತ್ತವೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ‘ಸ್ಟೋರೇಜ್ ಫುಲ್’ ಎಂಬ ಸೂಚನೆ ಫೋನಿನೊಳಗಿನ ಜಾಗದ ಬಗ್ಗೆಯೂ ಇರಬಹುದು, ಗೂಗಲ್ ಖಾತೆಯ ಜಾಗದ ಬಗ್ಗೆಯೂ ಇರಬಹುದು. ಖಾತೆ ತುಂಬಿದವರು ಮೆಮೊರಿ ಕಾರ್ಡ್ ಕೊಂಡರೆ ಏನೂ ಆಗುವುದಿಲ್ಲ. ಫೋನ್ ತುಂಬಿದವರು ಗೂಗಲ್ ಒನ್ ಚಂದಾ ಕಟ್ಟಿದ ಮಾತ್ರಕ್ಕೆ ಫೋನ್ ಖಾಲಿಯಾಗುವುದಿಲ್ಲ. ಖಾತೆಯ ಸ್ಟೋರೇಜ್ ಪುಟವನ್ನು ತೆರೆದರೆ ಒಂದು ಅಡ್ಡಪಟ್ಟಿ ಕಾಣುತ್ತದೆ, ಅದರಲ್ಲಿ ಫೋಟೋಸ್ ಎಷ್ಟು ತಿಂದಿದೆ, ಜಿಮೇಲ್ ಎಷ್ಟು, ಡ್ರೈವ್ ಎಷ್ಟು ಎಂಬುದು ಬೇರೆ ಬೇರೆ ಬಣ್ಣದಲ್ಲಿರುತ್ತದೆ. ಹಣ ಕಟ್ಟುವ ಮೊದಲು ಈ ಪುಟವನ್ನು ನೋಡಲೇಬೇಕು. ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳು, ಸ್ಪ್ಯಾಮ್, ಕಸದ ಬುಟ್ಟಿಯಲ್ಲಿ ಉಳಿದ ಕಡತಗಳು ಇಲ್ಲಿ ಒಂದೆಡೆ ಸಿಗುತ್ತವೆ. ಎಷ್ಟೋ ಜನರಿಗೆ ಅವನ್ನು ಅಳಿಸಿದರೇ ಸಾಕಾಗುತ್ತದೆ.

ಅಷ್ಟಕ್ಕೂ ಸಾಲದಿದ್ದರೆ ದರದ ಮಾತು. ನಾನು ಹಣ ಕಟ್ಟುವಾಗ ಇದ್ದಂತೆ 100 ಜಿಬಿಯ ಬೇಸಿಕ್ ಯೋಜನೆಗೆ ತಿಂಗಳಿಗೆ 130 ರೂಪಾಯಿ, ವರ್ಷಕ್ಕೆ 1,300 ರೂಪಾಯಿ. 200 ಜಿಬಿಗೆ ತಿಂಗಳಿಗೆ 210, ವರ್ಷಕ್ಕೆ 2,100. 2 ಟಿಬಿಯ (ಸುಮಾರು 2,000 ಜಿಬಿ) ಪ್ರೀಮಿಯಂ ಯೋಜನೆಗೆ ತಿಂಗಳಿಗೆ 650, ವರ್ಷಕ್ಕೆ 6,500. ವರ್ಷದ ಹಣ ಒಮ್ಮೆಲೇ ಕಟ್ಟಿದರೆ ಹತ್ತು ತಿಂಗಳ ದರಕ್ಕೆ ಹನ್ನೆರಡು ತಿಂಗಳು ಸಿಕ್ಕಂತೆ. ಜಿಬಿಯೊಂದಕ್ಕೆ ಬೀಳುವ ಬೆಲೆಯನ್ನು ಮಾತ್ರ ನೋಡಿದರೆ 2 ಟಿಬಿಯದೇ ಅಗ್ಗ, ಬೇಸಿಕ್‌ನಲ್ಲಿ 1 ರೂಪಾಯಿ 30 ಪೈಸೆ ಬಿದ್ದರೆ ಇಲ್ಲಿ ಸುಮಾರು 33 ಪೈಸೆ. ಆದರೆ ತುಂಬದ ಕಣಜಕ್ಕೆ ಬಾಡಿಗೆ ಕಟ್ಟುವ ಲೆಕ್ಕ ಅದು. ಮಧ್ಯದ 200 ಜಿಬಿ ಯೋಜನೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. 100 ತುಂಬಿದ ಮೇಲೆ ಅದಕ್ಕೆ ಏರಿದರಾಯಿತು, ಏರಿಕೆ ಕೂಡಲೇ ಜಾರಿಯಾಗುತ್ತದೆ. ಇಳಿಯುವುದಾದರೆ ಮಾತ್ರ ಕಟ್ಟಿದ ಅವಧಿ ಮುಗಿಯುವವರೆಗೆ ಕಾಯಬೇಕು.

ಈ ಸೇವೆಯಲ್ಲಿ ನಿಜವಾಗಿಯೂ ಬೆಲೆಬಾಳುವುದು ಕುಟುಂಬದ ಹಂಚಿಕೆ. ಚಂದಾ ಕಟ್ಟಿದವರು ಇನ್ನೂ ಐವರನ್ನು ಸೇರಿಸಿಕೊಳ್ಳಬಹುದು, ಅಂದರೆ ಒಟ್ಟು ಆರು ಜನ. ಆರೂ ಜನರ ತಲೆಗೆ ಹಂಚಿದರೆ 1,300 ರೂಪಾಯಿ ಎಂಬುದು ವರ್ಷಕ್ಕೆ ಒಬ್ಬರಿಗೆ 217 ರೂಪಾಯಿಯಷ್ಟೇ. ಇದರ ವ್ಯವಸ್ಥೆಯೂ ಜಾಣತನದ್ದು: ಪ್ರತಿಯೊಬ್ಬರ ಸ್ವಂತ 15 ಜಿಬಿ ಮೊದಲು ಖರ್ಚಾಗುತ್ತದೆ, ಅದು ತುಂಬಿದ ಮೇಲಷ್ಟೇ ಅವರು ಹಂಚಿಕೆಯ ಜಾಗಕ್ಕೆ ಕೈಹಾಕುತ್ತಾರೆ. ಹೀಗಾಗಿ 15 ಜಿಬಿಯೊಳಗೇ ಇರುವವರು ಗುಂಪಿನಲ್ಲಿದ್ದರೂ ಯಾರಿಗೂ ಭಾರವಲ್ಲ. ನಮ್ಮಲ್ಲಿ ಹಂಚಿಕೆಯ ಜಾಗದ ಬಹುಪಾಲನ್ನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮಗನೂ, ಮೊಮ್ಮಗಳ ಪ್ರತಿ ಹೆಜ್ಜೆಯನ್ನೂ ವಿಡಿಯೋ ಮಾಡುವ ಗದಗಿನ ಕಾಕೂ ಬಳಸುತ್ತಾರೆ. ಅಪ್ಪನ ಖಾತೆ ಇನ್ನೂ ಅವರ 15 ಜಿಬಿಯನ್ನೇ ದಾಟಿಲ್ಲ.

ಸೇರಿಸುವಾಗ ಕಾಕೂ ಕೇಳಿದ ಮೊದಲ ಪ್ರಶ್ನೆ, “ಅಲ್ಲೋ, ಇನ್ನ ನನ್ನ ಫೋಟೋ ಎಲ್ಲಾ ನಿಮಗ ಕಾಣಸ್ತಾವೇನು?” ಎಂಬುದು. ಈ ಅನುಮಾನ ಬಹಳ ಜನರಿಗಿದೆ, ಮತ್ತು ಅದಕ್ಕೆ ಉತ್ತರ ಇಲ್ಲ, ಕಾಣುವುದಿಲ್ಲ ಎಂದೇ. ಹಂಚಿಕೆಯಾಗುವುದು ಜಾಗ, ಅದರೊಳಗಿನ ಸರಕಲ್ಲ. ಯಾರು ಎಷ್ಟು ಜಾಗ ಬಳಸಿದ್ದಾರೆ ಎಂಬ ಸಂಖ್ಯೆ ಗುಂಪಿನವರಿಗೆ ಕಾಣುತ್ತದೆ; ಒಬ್ಬರ ಚಿತ್ರ, ಮೇಲ್, ಕಡತ ಇನ್ನೊಬ್ಬರಿಗೆ ಕಾಣಬೇಕಾದರೆ ಅವರೇ ಅದನ್ನು ಪ್ರತ್ಯೇಕವಾಗಿ ಹಂಚಬೇಕು. ಹಾಗೆಂದು ಇದು ಗೂಗಲ್‌ನಿಂದಲೂ ಮುಚ್ಚಿಟ್ಟ ತಿಜೋರಿಯೇನಲ್ಲ. ಕಡತಗಳು ಗೂಢಲಿಪಿಯಲ್ಲಿರುತ್ತವೆ, ಆದರೆ ಸಾಮಾನ್ಯ ಬಳಕೆದಾರರ ಖಾತೆಯಲ್ಲಿ ಅದರ ಕೀಲಿ ಇರುವುದು ಕಂಪನಿಯ ಕೈಯಲ್ಲಿ.

ಗುಂಪಿನ ಕಟ್ಟುಪಾಡುಗಳನ್ನೂ ಮೊದಲೇ ತಿಳಿದಿರಬೇಕು. ಆರೂ ಜನರ ಖಾತೆ ಒಂದೇ ದೇಶದ್ದಾಗಿರಬೇಕು. ಆದ್ದರಿಂದ ಜರ್ಮನಿಯಲ್ಲಿ ನೆಲೆಸಿದ ನನ್ನ ತಮ್ಮ ನಮ್ಮ ಗುಂಪಿನಲ್ಲಿ ಇಲ್ಲ, ದೇಶದ ಹೊರಗೆ ಮಕ್ಕಳಿರುವ ಧಾರವಾಡದ ಬಹಳ ಮನೆಗಳಿಗೆ ಇದೊಂದು ನಿಜವಾದ ಕೊರತೆ. ಒಬ್ಬರು ಒಂದು ಹೊತ್ತಿಗೆ ಒಂದೇ ಗುಂಪಿನಲ್ಲಿರಬಹುದು, ಮತ್ತು ಹನ್ನೆರಡು ತಿಂಗಳಲ್ಲಿ ಒಮ್ಮೆ ಮಾತ್ರ ಗುಂಪು ಬದಲಿಸಬಹುದು. ಮದುವೆಯಾಗಿ ಗಂಡನ ಮನೆಯ ಗುಂಪಿಗೆ ಸೇರುವ ಮಗಳ ವಿಷಯದಲ್ಲಿ ಈ ನಿಯಮ ಹೇಗೆ ಅನ್ವಯವಾಗುತ್ತದೆಂದು ಯೋಚಿಸಿದರೆ ನಗು ಬರುತ್ತದೆ, ಆದರೆ ನಿಯಮ ನಿಯಮವೇ.

ಇನ್ನು ಸವಲತ್ತುಗಳ ಇತಿಹಾಸವನ್ನು ನೋಡಿದರೆ ನನ್ನ ಅಪನಂಬಿಕೆಯ ಕಾರಣ ತಿಳಿಯುತ್ತದೆ. ಈ ಸೇವೆ 2018ರಲ್ಲಿ ಆರಂಭವಾದ ಮೇಲೆ, ಇಂಟರ್ನೆಟ್ ಬಳಕೆಯನ್ನು ಇತರರ ಕಣ್ಣಿಗೆ ಬೀಳದಂತೆ ಮರೆಮಾಡುವ ವಿಪಿಎನ್ ಅನ್ನು ದೊಡ್ಡ ಆಕರ್ಷಣೆಯೆಂದು ಕೆಲವು ದೇಶಗಳಲ್ಲಿ ಮುಂದಿಟ್ಟರು. 2024ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಚಿತ್ರದ ಹಿನ್ನೆಲೆಯಲ್ಲಿ ಅಡ್ಡ ಬಂದವರನ್ನು ಅಳಿಸುವ ಮ್ಯಾಜಿಕ್ ಇರೇಸರ್ 2023ರ ಫೆಬ್ರುವರಿಯಲ್ಲಿ ಚಂದಾದಾರರಿಗೆ ಸಿಕ್ಕಿತು. ಮರುವರ್ಷದ ಮೇ ತಿಂಗಳಿನಿಂದ ಗೂಗಲ್ ಫೋಟೋಸ್ ಬಳಸುವ ಎಲ್ಲರಿಗೂ ಉಚಿತವಾಯಿತು. ನಮ್ಮ ಮಾಹಿತಿ ಸೋರಿಕೆಯಾಗಿದೆಯೇ ಎಂದು ಹುಡುಕಿಕೊಡುವ ಡಾರ್ಕ್ ವೆಬ್ ವರದಿ ಮೊದಲು ಸದಸ್ಯರ ಸವಲತ್ತಾಗಿತ್ತು, ಬಳಿಕ ಎಲ್ಲರಿಗೂ ಉಚಿತವಾಯಿತು, ಕೊನೆಗೆ 2026ರ ಆರಂಭದಲ್ಲಿ ಅದನ್ನು ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿತು. ಒಂದು ಮುಚ್ಚಿತು, ಒಂದು ಪುಕ್ಕಟೆಯಾಯಿತು, ಒಂದಕ್ಕೆ ಎರಡೂ ಗತಿ ಬಂತು. ಹೀಗಿರುವಾಗ ಸವಲತ್ತಿನ ಪಟ್ಟಿಗೆ ನಾನು ಸೊನ್ನೆ ಬೆಲೆ ಹಾಕಿಯೇ ಯೋಜನೆಯನ್ನು ಅಳೆಯುತ್ತೇನೆ. ಇದ್ದರೆ ಬಳಸೋಣ, ಹೋದರೆ ನಷ್ಟವಿಲ್ಲ.

ಒಂದು ವಿನಾಯಿತಿ ಹೇಳಬೇಕು. 2 ಟಿಬಿ ಯೋಜನೆಯಲ್ಲಿ ಗೂಗಲ್ ಮೀಟ್‌ನ ಗುಂಪು ಕರೆಗಳಿಗೆ ಉಚಿತ ಖಾತೆಯಲ್ಲಿರುವ 60 ನಿಮಿಷದ ಮಿತಿ ಇರುವುದಿಲ್ಲ. ಮನೆಯಿಂದಲೇ ಆನ್‌ಲೈನ್ ಪಾಠ ಹೇಳುವ ಶಿಕ್ಷಕರಿಗೆ, ಸಂಗೀತ ಕಲಿಸುವವರಿಗೆ ಇದು ಕೆಲಸಕ್ಕೆ ಬರುವ ಸಂಗತಿ, ಏಕೆಂದರೆ ರಾಗ ವಿಸ್ತಾರಕ್ಕೆ ಬಂದ ಹೊತ್ತಿಗೇ ಕರೆ ಕಡಿದುಹೋಗುವ ಕಿರಿಕಿರಿ ಅವರಿಗಷ್ಟೇ ಗೊತ್ತು.

ದೂರವಾಣಿ ಕಂಪನಿಗಳ ಮೂಲಕ ಬರುವ ಉಚಿತ ಕೊಡುಗೆಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 2025ರ ಮೇ ತಿಂಗಳಿನಲ್ಲಿ ಏರ್‌ಟೆಲ್ ತನ್ನ ಪೋಸ್ಟ್‌ಪೇಯ್ಡ್ ಮತ್ತು ವೈಫೈ ಗ್ರಾಹಕರಿಗೆ 100 ಜಿಬಿಯನ್ನು ಆರು ತಿಂಗಳು ಉಚಿತವಾಗಿ ಕೊಡುವುದಾಗಿ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಿಯೋ ತನ್ನ 5ಜಿ ಗ್ರಾಹಕರಿಗೆ, ಮೊದಲು 18ರಿಂದ 25 ವಯಸ್ಸಿನವರಿಗೆ, ಗೂಗಲ್ ಎಐ ಪ್ರೊ ಯೋಜನೆಯನ್ನು 18 ತಿಂಗಳು ಉಚಿತವಾಗಿ ಕೊಡುವ ಕೊಡುಗೆ ಪ್ರಕಟಿಸಿತು. ಅದರ ಬೆಲೆ 35,100 ರೂಪಾಯಿ ಎಂದು ಲೆಕ್ಕ ಹೇಳಲಾಯಿತು, ಅಂದರೆ ತಿಂಗಳಿಗೆ 1,950. ಗೂಗಲ್‌ನ ಎಐ ಸಹಾಯಕ ಜೆಮಿನಿಯ ಜೊತೆಗೆ 2 ಟಿಬಿ ಜಾಗವೂ ಅದರಲ್ಲಿ ಸೇರಿತ್ತು. ಕೊಡುಗೆಯನ್ನು ಪಡೆಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಎಐ ಬಳಕೆ ಅವಧಿ ಮುಗಿದ ದಿನ ನಿಂತರೆ ತೊಂದರೆಯಿಲ್ಲ, ಆ 18 ತಿಂಗಳಲ್ಲಿ ತುಂಬಿದ 300–400 ಜಿಬಿ ಚಿತ್ರಗಳು ಮಾತ್ರ ಅಲ್ಲಿಯೇ ಉಳಿಯುತ್ತವೆ, ಅವುಗಳಿಗೆ ಬಾಡಿಗೆ ಕಟ್ಟುವುದು ಆಗ ಅನಿವಾರ್ಯವಾಗುತ್ತದೆ. ಉಚಿತ ಅವಧಿಯಲ್ಲಿಯೂ 100 ಜಿಬಿಯೊಳಗೇ ಇರುವಂತೆ ನೋಡಿಕೊಳ್ಳಿರೆಂದು ನಮ್ಮ ಹುಡುಗರಿಗೆ ಹೇಳಿದ್ದೇನೆ. ಕೇಳುತ್ತಾರೋ ಬಿಡುತ್ತಾರೋ ಅದು ಬೇರೆ ಮಾತು.

ಚಂದಾ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಸೇವೆಯ ಜಾಹೀರಾತುಗಳು ದೊಡ್ಡಕ್ಷರದಲ್ಲಿ ಹೇಳುವುದಿಲ್ಲ. ಜಾಗ ಮಿತಿ ಮೀರಿದ ಖಾತೆಗೆ ಮೇಲ್ ಬರುವುದೂ ನಿಲ್ಲುತ್ತದೆ, ಕಳಿಸುವುದೂ ನಿಲ್ಲುತ್ತದೆ; ಡ್ರೈವ್‌ಗೆ ಕಡತ ಏರಿಸಲಾಗದು, ಹೊಸ ಚಿತ್ರಗಳ ಬ್ಯಾಕಪ್ ಆಗದು. ಹಳೆಯದು ತಕ್ಷಣ ಅಳಿಯುವುದಿಲ್ಲ, ಆದರೆ ಎರಡು ವರ್ಷ ಮಿತಿ ಮೀರಿಯೇ ಇದ್ದರೆ, ಮುಂಚಿತವಾಗಿ ಎಚ್ಚರಿಕೆ ಕೊಟ್ಟು, ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆ. ಕುಟುಂಬದ ಗುಂಪಿನಲ್ಲಿ ಇದರ ಪೆಟ್ಟು ಒಬ್ಬರಿಗಷ್ಟೇ ಅಲ್ಲ: ಚಂದಾ ಕಟ್ಟುವವರ ಬ್ಯಾಂಕ್ ಖಾತೆಯಲ್ಲಿ ಹಣವಿಲ್ಲದೆ ಆಟೋಪೇ ಬಿದ್ದುಹೋದರೆ, 15 ಜಿಬಿ ದಾಟಿದ ಪ್ರತಿಯೊಬ್ಬ ಸದಸ್ಯರ ಮೇಲ್ ಕೂಡ ನಿಲ್ಲುತ್ತದೆ. ನೌಕರಿಯ ಸಂದರ್ಶನಕ್ಕೆ ಕರೆ ಕಾಯುತ್ತಿರುವವರಿಗೆ ಇದು ಸಣ್ಣ ವಿಷಯವಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರುತ್ತದೆ. ಆ ಸೂಚನೆ ಮನೆಯಲ್ಲಿ ದಿನವೂ ಫೋನ್ ನೋಡುವವರಿಗೇ ಬರುವಂತೆ ಚಂದಾವನ್ನು ಅವರ ಹೆಸರಿನಲ್ಲಿ ಮಾಡುವುದು ಒಳ್ಳೆಯದು.

ಬೇರೆ ಕಂಪನಿಗಳ ಸೇವೆಯನ್ನು ಹೋಲಿಸಿ ನೋಡಿದ್ದೇನೆ. ಆಪಲ್‌ನ ಐಕ್ಲೌಡ್ ಉಚಿತವಾಗಿ ಕೊಡುವುದು 5 ಜಿಬಿ ಮಾತ್ರ; ಮನೆಯಲ್ಲಿ ಎಲ್ಲರೂ ಐಫೋನ್ ಬಳಸುವುದಾದರೆ ಅದೇ ಸಹಜ, ಮತ್ತು ಬೇಕೆನಿಸಿದವರು ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ‘ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್’ ಆಯ್ಕೆ ಅಲ್ಲಿದೆ. ಮೈಕ್ರೋಸಾಫ್ಟ್ 365ರ ಕುಟುಂಬ ಯೋಜನೆಯಲ್ಲಿ ಆರು ಜನರಿಗೆ ತಲಾ 1 ಟಿಬಿ ಪ್ರತ್ಯೇಕವಾಗಿ ಸಿಗುತ್ತದೆ, ಜೊತೆಗೆ ವರ್ಡ್, ಎಕ್ಸೆಲ್ ಬರುತ್ತವೆ. ಲೆಕ್ಕಪತ್ರದ ಕೆಲಸವಿರುವ ಮನೆಗೆ ಅಲ್ಲಿನ ಸವಲತ್ತು ತೋರಿಕೆಯದಲ್ಲ, ಅದೇ ಮುಖ್ಯ ಸರಕು.

ಮೊದಲ ಬಾರಿಗೆ ಎಲ್ಲವನ್ನೂ ಏರಿಸುವವರು ತಾಳ್ಮೆ ಇಟ್ಟುಕೊಳ್ಳಬೇಕು. ಸೆಕೆಂಡಿಗೆ 5 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 100 ಜಿಬಿ ಏರಲು ಬಿಡುವಿಲ್ಲದೆ ಸುಮಾರು 44 ಗಂಟೆ ಬೇಕು. ಮೊಬೈಲ್ ಡೇಟಾದಲ್ಲಿ ಈ ಸಾಹಸಕ್ಕಿಳಿಯದೆ, ಫೈಬರ್ ಸಂಪರ್ಕವಿರುವ ಕಡೆ ರಾತ್ರಿ ಹೊತ್ತು ಚಾರ್ಜರಿಗೆ ಹಾಕಿ ಬಿಡುವುದು ಮೇಲು. ಫೋಟೋಸ್‌ನಲ್ಲಿ ‘ಸ್ಟೋರೇಜ್ ಸೇವರ್’ ಆಯ್ದುಕೊಂಡರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಚಿತ್ರಗಳು ಆ ಗಾತ್ರಕ್ಕೆ ಇಳಿಯುತ್ತವೆ. ಮೊಬೈಲ್ ಚಿತ್ರಗಳಿಗೆ ಇದರಿಂದ ಕಣ್ಣಿಗೆ ಕಾಣುವ ನಷ್ಟವಿಲ್ಲ.

ಹಣ ಕಟ್ಟಿದವರು ಹೆಚ್ಚಾಗಿ ಮರೆಯುವುದು ಇದು ಸಿಂಕ್, ಅಂದರೆ ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆಯೂ ಆಗುವ ವ್ಯವಸ್ಥೆ ಎಂಬುದನ್ನು. ಬ್ಯಾಕಪ್ ಆದ ಚಿತ್ರವನ್ನು ಫೋಟೋಸ್ ಆ್ಯಪ್‌ನಲ್ಲಿ ಅಳಿಸಿದರೆ ಅದು ಗೂಗಲ್ ಖಾತೆಯಿಂದಲೂ ಹೋಗುತ್ತದೆ, 60 ದಿನ ಮಾತ್ರ ಕಸದ ಬುಟ್ಟಿಯಲ್ಲಿ ಉಳಿಯುತ್ತದೆ. ಡ್ರೈವ್ ಮತ್ತು ಜಿಮೇಲ್‌ನಲ್ಲಿ ಈ ಗಡುವು 30 ದಿನ. ಫೋನಿನಲ್ಲಿ ಮಾತ್ರ ಜಾಗ ಬೇಕೆಂದರೆ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯೇ ಆಯ್ಕೆಯನ್ನು ಒತ್ತಬೇಕು. ಆದ್ದರಿಂದ ಖಾತೆಯಲ್ಲಿರುವುದನ್ನೆಲ್ಲ ಇಳಿಸಿಕೊಳ್ಳಲು ಇರುವ ಗೂಗಲ್ ಟೇಕ್‌ಔಟ್ ಮೂಲಕ ಆಗಾಗ ಒಂದು ಪ್ರತಿ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಡುವುದು ಚಂದಾದಾರರಿಗೂ ತಪ್ಪದ ಕೆಲಸ. ಅಂಕಪಟ್ಟಿ, ಆಧಾರ್, ವಾಹನದ ಕಾಗದಗಳಿಗಾಗಿಯೇ ಜಾಗ ಹುಡುಕುತ್ತಿರುವವರು ಚಂದಾ ಕಟ್ಟಬೇಕಿಲ್ಲ, ಸರ್ಕಾರದ ಡಿಜಿಲಾಕರ್ ಅವನ್ನು ಉಚಿತವಾಗಿ ಇಟ್ಟುಕೊಡುತ್ತದೆ, ಅಲ್ಲಿ ಇಲಾಖೆಯಿಂದಲೇ ನೇರವಾಗಿ ಬಂದ ದಾಖಲೆಗೆ ಮೂಲಪ್ರತಿಯ ಮಾನ್ಯತೆಯೂ ಇದೆ. ಕೋಚಿಂಗಿಗೆಂದು ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವ ಹುಡುಗ ಹುಡುಗಿಯರು ವಾಟ್ಸಾಪ್ ಬ್ಯಾಕಪ್ಪಿನ ಸೆಟ್ಟಿಂಗ್‌ನಲ್ಲಿ ವಿಡಿಯೋ ಸೇರಿಸುವ ಆಯ್ಕೆಯನ್ನು ಮೊದಲು ತೆಗೆದುಹಾಕಿ, ಒಂದು ತಿಂಗಳು ಕಾದು, ಆಮೇಲೆ ಆ ಅಡ್ಡಪಟ್ಟಿಯನ್ನು ನೋಡಲಿ. ಆಗಲೂ ತುಂಬಿಯೇ ಇದ್ದರೆ 130 ರೂಪಾಯಿ ಕೊಟ್ಟು ಒಂದು ತಿಂಗಳಿಗಷ್ಟೇ ತೆಗೆದುಕೊಳ್ಳಬಹುದು, ವರ್ಷದ ಚಂದಾ ಆಮೇಲಿನ ಮಾತು.