ಕ್ಯಾಂಟನ್ ಸರಾಫರ ನಾಣ್ಯ ಪರೀಕ್ಷೆ: ಕಿವಿಗೆ ಪೂರ್ತಿ ಅಂಕ, ಮುದ್ರೆಗೆ ಅರ್ಧ

ಹತ್ತೊಂಬತ್ತನೇ ಶತಮಾನದ ಕ್ಯಾಂಟನ್ (ಇಂದಿನ ಗುವಾಂಗ್‌ಝೌ) ಮೊದಲಾದ ಚೀನಾ ಬಂದರುಗಳಲ್ಲಿ ವ್ಯಾಪಾರ ಹೆಚ್ಚಾಗಿ ಬೆಳ್ಳಿ ಡಾಲರಿನಲ್ಲಿ. ಮೊದಲು ಸ್ಪೇನಿನದು, ಆಮೇಲೆ ಮೆಕ್ಸಿಕೋದ್ದು. ಆ ರಾಶಿಯಿಂದ ಖೋಟಾ ಹೆಕ್ಕುವವನು ಸರಾಫ, ನಮ್ಮ ಚಿನಿವಾರನ ದಾಯಾದಿ. ಅರಬ್ಬಿಯ ಈ ಪದ ಭಾರತದ ಮೂಲಕ ಅಲ್ಲಿಗೆ ಹೋಯಿತು. ಹಾಂಗ್‌ಕಾಂಗ್‌ನಲ್ಲಿ ವಾಹನ ನಿಲುಗಡೆಯ ದುಡ್ಡು ಕಟ್ಟುವ ಕಿಟಕಿಗೆ ಇಂದಿಗೂ 'ಶ್ರಾಫ್' ಎಂದೇ ಹೆಸರು.

ಈ ಪರೀಕ್ಷೆಯ ಜೀವಾಳ ಕಿವಿ. ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದರ ಅಂಚಿನಿಂದ ತಟ್ಟಿದರೆ ಒಳ್ಳೆ ಬೆಳ್ಳಿಯ ದನಿ ಎಳೆದುಕೊಂಡು ಹೋಗುತ್ತದೆ. ಒಳಗೆ ಸೀಸವಿದ್ದರೆ ಅಲ್ಲೇ ಸತ್ತುಹೋಗುತ್ತದೆ. ಇದು ಬೇಕೇ ಬೇಕು. ಏಕೆಂದರೆ ಅಲ್ಲಿನ ಪಳಗಿದ ವಂಚಕರು ಅಸಲಿ ಡಾಲರಿನ ಹೊಟ್ಟೆ ಬಗೆದು ಬೆಳ್ಳಿ ತೆಗೆದು ತಾಮ್ರವನ್ನೋ ಸೀಸವನ್ನೋ ತುಂಬುತ್ತಿದ್ದರು. ಒರೆಗಲ್ಲಿಗೆ ಸಿಗುವುದು ಹೊರಚರ್ಮ ಮಾತ್ರ, ಅದು ಶುದ್ಧವೇ ಇರುತ್ತದೆ. ತಕ್ಕಡಿಯನ್ನೂ ನಂಬುವಂತಿಲ್ಲ: ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.34 ಗ್ರಾಂ, ತಾಮ್ರದ್ದು 8.96, ಡಾಲರಿನ ಬೆಳ್ಳಿಯದು ಸುಮಾರು 10.3. ಎರಡನ್ನೂ ಹದವಾಗಿ ಬೆರೆಸಿ ತುಂಬಿದರೆ ತೂಕ, ಗಾತ್ರ ಎರಡೂ ಸರಿಹೊಂದುತ್ತವೆ.

ಅದಕ್ಕೇ ಉಳಿಯೇಟು. ಸರಾಫ ಉಳಿಯಿಂದ ತನ್ನ ಗುರುತಿನ ಮುದ್ರೆ ಒತ್ತಿದರೆ ಒಳಲೋಹ ಬಯಲಾಗುತ್ತದೆ, ಜತೆಗೆ ನಾಣ್ಯ ಅಸಲಿ ಎಂಬ ಅವನ ಖಾತ್ರಿಯೂ ಸಿಗುತ್ತದೆ. ಉಪಾಯ ಜಾಣತನದ್ದೇ, ಎಡವಟ್ಟು ಆಮೇಲಿನದು. ಅಂಗಡಿಯಿಂದ ಅಂಗಡಿಗೆ ಮುದ್ರೆ ಬಿದ್ದು ನಾಣ್ಯ ಬಟ್ಟಲಿನಂತೆ ಬಾಗುತ್ತದೆ, ಬಿರುಕು ಬಿಡುತ್ತದೆ. ಬಿರುಕು ಬಿಟ್ಟದ್ದು ಅಸಲಿಯಾದರೂ ದನಿ ಕೊಡದು. ಹೀಗೆ ಒಬ್ಬನ ಖಾತ್ರಿ ಮುಂದಿನವನ ಕಿವಿಯನ್ನು ಕಿತ್ತುಕೊಳ್ಳುತ್ತದೆ. ಕೊನೆಗೆ ಆ ಡಾಲರು ಎಣಿಕೆಗೆ ಬಾರದೆ ಬರೀ ತೂಕದ ಬೆಳ್ಳಿಯಾಗುತ್ತದೆ.

ತರಬೇತಿಗೆ ದೂರು ಹೇಳುವಂತಿಲ್ಲ. ಕ್ಯಾಂಟನ್‌ನಲ್ಲಿ ಇದಕ್ಕೆಂದೇ ಶಾಲೆಗಳಿದ್ದವು. ಶಿಷ್ಯರ ಕೈ ಪಳಗಲೆಂದು ಗುರುಗಳು ಖೋಟಾ ಡಾಲರುಗಳನ್ನೇ ಕೂಡಿಟ್ಟಿರುತ್ತಿದ್ದರು. ಹೊಟ್ಟೆ ಬಗೆಯುವ ಬಗೆ, ದೇಶಿ-ವಿದೇಶಿ ಅಂಚುಗೆರೆಗಳ ವ್ಯತ್ಯಾಸ ತೋರಿಸುವ ಸಚಿತ್ರ ಪುಸ್ತಕಗಳೂ ಅಚ್ಚಾಗಿದ್ದವು. (ಕಳ್ಳನಿಗೂ ಅದೇ ಪಠ್ಯ ಎನ್ನುವುದು ಬೇರೆ ಮಾತು!)

ಈ ಮುದ್ರೆಯ ಡಾಲರುಗಳನ್ನು ಇಂದು ಕೊಳ್ಳುವ ಸಂಗ್ರಾಹಕರು ಮುದ್ರೆಯನ್ನು ಪ್ರಮಾಣಪತ್ರ ಎಂದುಕೊಳ್ಳಬಾರದು. ಪೂರ್ವದೇಶಗಳ ವ್ಯಾಪಾರಕ್ಕೆಂದೇ ಅಚ್ಚುಹಾಕಿದ ಅಮೆರಿಕದ 1873ರ ಟ್ರೇಡ್ ಡಾಲರ್ 27.22 ಗ್ರಾಂ, 38.1 ಮಿ.ಮೀ. ಇರಬೇಕು; ಸವೆದಿದ್ದರೆ ತೂಕ ತುಸು ಇಳಿದೀತು. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿ, ಅಂಟಿದ ಗುಳ್ಳೆಗಳನ್ನು ಕೊಡವಿ. ಸುಮಾರು 2.64 ಗ್ರಾಂ ತೋರಿಸಿದರೆ ಬೆಳ್ಳಿಗೆ ಹೊಂದುತ್ತದೆ (ಸೀಸ-ತಾಮ್ರದ ಹದವಾದ ಬೆರಕೆಯೂ ಹೀಗೇ ತೋರೀತು); ಹಿತ್ತಾಳೆಯಾದರೆ 3.2ರ ಆಸುಪಾಸು. ಆಯಸ್ಕಾಂತ ಹಿಡಿಯುವುದು ಕಬ್ಬಿಣ, ನಿಕಲ್‌ನಂಥ ಲೋಹಗಳನ್ನಷ್ಟೇ. ಕೊನೆಗೆ ಭೂತಗನ್ನಡಿಯಲ್ಲಿ ಮುದ್ರೆಯ ಅಂಚು ನೋಡಿ: ಉಳಿ ಕಚ್ಚಿದ್ದು ಚೂಪಾಗಿ, ಲೋಹ ಪಕ್ಕಕ್ಕೆ ಸರಿದಂತಿರುತ್ತದೆ. ಎರಕದ ನಕಲಿನಲ್ಲಿ ಮುದ್ರೆಯೂ ನಾಣ್ಯದೊಂದಿಗೇ ಹುಟ್ಟಿದ್ದರಿಂದ ಕರಗಿದ ಬೆಲ್ಲದಂತೆ ಮೊಂಡಾಗಿರುತ್ತದೆ.